ನಮ್ಮ ಮನೆಯ ಕಡ್ಡಿಪೆಟ್ಟಿಗೆ

ನಮ್ಮ ಚನ್ನಗಿರಿ ಕಡೆ ಫೋನಿನಲ್ಲಿ ಸಿಗ್ನಲ್ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ, ಕಡ್ಡಿ ಎಷ್ಟಿದೆ ಎಂದು ಕೇಳುತ್ತಾರೆ. ‘ಬಸ್‌ಸ್ಟ್ಯಾಂಡ್ ದಾಟಿದ್ರೆ ಕಡ್ಡಿ ಬರ್ತಾವೆ’, ‘ಒಂದೇ ಕಡ್ಡಿ ಐತೆ, ಆಮೇಲೆ ಮಾಡ್ತೀನಿ ಇರು’. ಪರದೆಯ ಮೂಲೆಯಲ್ಲಿ ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಂತ ಆ ಗೆರೆಗಳನ್ನು ಮೊದಲು ಕಡ್ಡಿ ಎಂದು ಕರೆದ ಪುಣ್ಯಾತ್ಮ ಯಾರೋ ಕಾಣೆ, ಅವನಿಗೆ ನಮ್ಮ ಜನರ ನಾಡಿ ಗೊತ್ತಿತ್ತು. ಬಳಪದ ಕಡ್ಡಿಯಲ್ಲಿ ಅಕ್ಷರ ಕಲಿತು, ಊದಿನಕಡ್ಡಿ ಹಚ್ಚಿ ಪರೀಕ್ಷೆಗೆ ಹೋದವರು ನಾವು. ಸಣಕಲನಾದ ನನ್ನನ್ನು ಗೆಳೆಯರು ಕಡ್ಡಿ ಪೈಲ್ವಾನ್ ಎಂದೇ ಕರೆಯುತ್ತಿದ್ದರು. ಇದ್ದದ್ದನ್ನು ಮುಖಕ್ಕೆ ಹೇಳುವವನು ಕಡ್ಡಿ ಮುರಿದ ಹಾಗೆ ಹೇಳುತ್ತಾನೆ, ಇಲ್ಲದ್ದನ್ನು ಬೆಳೆಸುವವನು ಕಡ್ಡಿಯನ್ನು ಗುಡ್ಡ ಮಾಡುತ್ತಾನೆ, ಸೋಮಾರಿಯಾದವನು ಒಂದು ಕಡ್ಡಿಯನ್ನೂ ಆಚೆಯಿಂದ ಈಚೆಗೆ ಎತ್ತಿಡುವುದಿಲ್ಲ. ಈ ಕೊನೆಯ ಮಾತನ್ನು ನಮ್ಮ ಮನೆಯಲ್ಲಿ ಯಾರು ಯಾರಿಗೆ ಅನ್ನುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. ಸಾಮ್ರಾಜ್ಯಗಳು ಹುಟ್ಟಿದ್ದನ್ನೂ ಬಿದ್ದದ್ದನ್ನೂ ಹೇಳುವ ಬಾಯಿಗೂ ವೈರು ಬೆಸೆಯುವ ಕೈಗೂ ಸಂಬಂಧ ಏನು ಎಂದು ಕೇಳಬೇಡಿ, ಅದೊಂದು ಚಟ. ಕೆಟ್ಟ ರೇಡಿಯೋ ಕಂಡರೆ ಬಿಚ್ಚುತ್ತೇನೆ. ಕೆಟ್ಟಿರದ ರೇಡಿಯೋ ಕಂಡರೂ ಬಿಚ್ಚುತ್ತೇನೆ, ಆಮೇಲೆ ಅದು ಕೆಟ್ಟ ರೇಡಿಯೋಗಳ ಸಾಲಿಗೆ ಸೇರುತ್ತದೆ. ನನ್ನ ಹೆಂಡತಿ ಸುಮಂಗಲಾಗೂ ಕೈಕೆಲಸದ ಚಟವಿದೆ. ಆದರೆ ಅವಳು ಕೈಯಿಟ್ಟದ್ದು ಚೆಂದವಾಗುತ್ತದೆ. ರವಿಕೆಯ ಮೇಲೆ ಕೊಕ್ಕೆಸೂಜಿಯಿಂದ ಮಣಿ, ಜರಿ ಕೂರಿಸುತ್ತಾರಲ್ಲ, ಆರಿ ವರ್ಕ್ ಎನ್ನುತ್ತಾರೆ, ಅದರಲ್ಲಿ ಅವಳದು ಪಳಗಿದ ಕೈ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ ಮೂರಕ್ಕೆ ಫೋನಿನ ವಿಡಿಯೋದಲ್ಲಿ ಕ್ಲಾಸು ನಡೆಸುತ್ತಾಳೆ. ಹೊನ್ನಾಳಿಯಿಂದ ಇಬ್ಬರು, ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಿಂದ ಒಬ್ಬಳು, ಜಗಳೂರು ಕಡೆಯ ಬಿಳಿಚೋಡಿನಿಂದ ರೇಣುಕಾ. ಸೂರಗೊಂಡನಕೊಪ್ಪದವಳಿಗೆ ಲಂಬಾಣಿಗರ ಕನ್ನಡಿ ಹೊಲಿಗೆ ತಾಯಿಯಿಂದಲೇ ಬಂದಿದೆ, ಅವಳೇ ಆಗಾಗ ಮೇಡಂಗೆ ಪಾಠ ಹೇಳುತ್ತಾಳೆ.

ಕ್ಲಾಸು ಶುರುವಾದ ಮೊದಲ ದಿನವೇ ಕರೆಂಟು ಹೋಗಿ ಪಾಠ ಅರ್ಧಕ್ಕೆ ನಿಂತಿತು. ಅದು ಮಾಮೂಲಿ, ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಮಾರನೆಯ ದಿನದಿಂದ ಮಾತ್ರ ವಿಚಿತ್ರ ಆರಂಭವಾಯಿತು. ಕರೆಂಟು ಇರುತ್ತದೆ, ಪಾಠಕ್ಕೆ ಮುಂಚೆ ನೋಡಿದರೆ ವೈಫೈ ಪೆಟ್ಟಿಗೆಯೂ ನೆಟ್ಟಗಿರುತ್ತದೆ, ಆದರೆ ಮೂರು ಗಂಟೆಗೆ ಸರಿಯಾಗಿ ಕಡ್ಡಿ ಕುಸಿಯುತ್ತದೆ. ಸುಮಂಗಲಾ ಸೂಜಿ ಎತ್ತಿದ ಭಂಗಿಯಲ್ಲೇ, ಬಾಯಿ ಅರ್ಧ ತೆರೆದು, ಪರದೆಯ ಮೇಲೆ ಕಲ್ಲಾಗಿ ನಿಲ್ಲುತ್ತಾಳೆ. ‘ಮೇಡಂ, ಸೂಜಿ ಒಳಗೆ ಹೋಗೋದು ಕಾಣ್ತೈತೆ, ಹೊರಗೆ ಬರೋದೇ ಕಾಣಲ್ಲ’ ಎಂದು ರೇಣುಕಾ ದೂರಿದಳಂತೆ. ಕಸೂತಿಯ ಗುಟ್ಟೆಲ್ಲ ಸೂಜಿ ಹೊರಗೆ ಬರುವುದರಲ್ಲೇ ಇರುವುದು. ಮನೆಯ ಕಡ್ಡಿ ಬಿಟ್ಟು ಮೊಬೈಲಿನ ಕಡ್ಡಿ ಹಿಡಿಯೋಣವೆಂದರೆ, ನಮ್ಮ ಓಣಿಗೆ ಅದು ಬರುವುದೇ ಅಪರೂಪ.

ರೇಣುಕಾ ತನ್ನ ತಂಗಿಯ ಮದುವೆಗೆ ತಾನೇ ಕೈಯಾರೆ ರವಿಕೆ ಮಾಡಿಕೊಡುತ್ತೇನೆಂದು ಮನೆಯಲ್ಲಿ ಮಾತು ಕೊಟ್ಟು ಕ್ಲಾಸಿಗೆ ಸೇರಿದವಳು. ಅದರ ಬೆನ್ನಿಗೆ ಬರುವ ನವಿಲೇ ಕಷ್ಟದ್ದು, ಅದರಲ್ಲೂ ಕುತ್ತಿಗೆಯ ತಿರುವು. ವಾರವೆಲ್ಲ ಅದನ್ನು ತೋರಿಸಲಾಗದೆ, ಮುಂದಿನ ವಾರ ಶನಿವಾರವೂ ಒಂದು ಕ್ಲಾಸು ಹೆಚ್ಚಿಗೆ ಮಾಡುತ್ತೇನೆಂದು ಸುಮಂಗಲಾ ಒಪ್ಪಿಕೊಂಡಳು. ಊಟಕ್ಕೆ ಕೂತಾಗ ನನಗೆ ಹೇಳಿದಳು: ‘ಶನಿವಾರನೂ ಹಿಂಗೇ ಆದ್ರೆ ಕ್ಲಾಸ್ ನಿಲ್ಲಿಸಿಬಿಡ್ತೀನಿ ರೀ. ಬರದೇ ಇರೋ ಪಾಠಕ್ಕೆ ಅವ್ರನ್ನ ಕೂರಿಸಾಕೆ ನನಗೆ ನಾಚಿಕೆ ಆಗ್ತೈತೆ.’ ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ, ಸಿಟ್ಟು ನನಗೆ ಪರಿಚಯದ್ದು. ಅವಳು ಮೆಲ್ಲಗೆ ಹೇಳಿದಳು.

ಇಂಥ ಹೊತ್ತಿನಲ್ಲಿ ಬುದ್ಧಿಯಿದ್ದವನು ಕಡ್ಡಿ ಬರುವ ದಾರಿ ಹುಡುಕುತ್ತಾನೆ. ನಾನು ಕಡ್ಡಿ ಎಷ್ಟಿದೆಯೆಂದು ತೋರಿಸುವ ಯಂತ್ರ ಕಟ್ಟಲು ಕೂತೆ. ರೋಗ ಗೊತ್ತಾಗದೆ ಮದ್ದು ಕೊಡಬಾರದು ಎಂದು ಸಮರ್ಥಿಸಿಕೊಂಡೆ. ‘ಫೋನಿನಲ್ಲೇ ಕಡ್ಡಿ ಕಾಣ್ತಾವಲ್ಲ’ ಎಂದಳು. ಪಾಠದ ಹೊತ್ತಿನಲ್ಲಿ ಫೋನು ಸ್ಟ್ಯಾಂಡಿನ ಮೇಲೆ ನಿನ್ನಿಂದ ಮಾರು ದೂರದಲ್ಲಿರುತ್ತದೆ, ಮೂಲೆಯ ಕಡ್ಡಿ ನಿನಗೆ ಹೇಗೆ ಕಾಣಬೇಕು ಎಂದೆ. ಅದಕ್ಕೆ ಅವಳು, ‘ಮನೇಲಿ ಒಂದು ಕಡ್ಡಿ ಆಚೆಯಿಂದ ಈಚೆ ಇಡಲ್ಲ, ಕಡ್ಡಿ ಎಣಿಸಾಕೆ ಯಂತ್ರ ಬೇರೆ’ ಎಂದು ಎದ್ದು ಹೋದಳು. ಹೇಳಿದೆನಲ್ಲ, ಯಾರು ಯಾರಿಗೆ ಅನ್ನುತ್ತಾರೆಂದು.

ವೈಫೈ ಹಿಡಿಯಬಲ್ಲ, ಬೆರಳುದ್ದದ ಒಂದು ಬೋರ್ಡನ್ನು ಹಿಂದೆಯೇ ತರಿಸಿಟ್ಟಿದ್ದೆ, ಯಾವುದಕ್ಕೆಂದು ನನಗೇ ಗೊತ್ತಿರಲಿಲ್ಲ. ದೀಪಾವಳಿಗೆ ಬಾಗಿಲಿಗೆ ಇಳಿಬಿಡುವ ಸೀರಿಯಲ್ ಸೆಟ್ಟಿನಿಂದ ಐದು ಪುಟಾಣಿ ದೀಪ ಕಿತ್ತೆ. ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಗೆ ಕಾಸಿದ ಮೊಳೆಯಿಂದ ಐದು ತೂತು ಕೊರೆದು, ದೀಪಗಳನ್ನು ಕೂರಿಸಿ, ಬೋರ್ಡನ್ನು ಒಳಗೆ ಅಂಟಿಸಿ, ವಿಡಿಯೋ ನೋಡಿಕೊಂಡು ಅದಕ್ಕೆ ಬುದ್ಧಿ ಹೇಳಿದೆ: ಸಿಗ್ನಲ್ ಜೋರಾಗಿದ್ದರೆ ಐದೂ ಹತ್ತಲಿ, ಕಡಿಮೆಯಾದ ಹಾಗೆ ಒಂದೊಂದೇ ಆರಲಿ. ನಮ್ಮ ಅವ್ವ ಮಂಚದ ಮೇಲೆ ಕಾಲು ಚಾಚಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಅದು ಏನೆಂದು ಕೇಳಿದಳು. ಕಡ್ಡಿ ತೋರಿಸುವ ಪೆಟ್ಟಿಗೆ ಎಂದೆ. ‘ಹಂಗಾರೆ ಕಡ್ಡಿಪೆಟ್ಟಿಗೆ ಅನ್ನು. ಒಲೆ ಹಚ್ಚಾಕಾದ್ರೂ ಬರ್ತೈತೇನು?’ ಎಂದಳು. ಬೆಂಕಿಪೊಟ್ಟಣಕ್ಕೆ ನಮ್ಮಲ್ಲಿ ಅದೇ ಹೆಸರು. ಅಲ್ಲಿಗೆ ನನ್ನ ಆವಿಷ್ಕಾರಕ್ಕೆ ನಾಮಕರಣವಾಯಿತು.

ಮೊದಲ ಪ್ರಯೋಗದಲ್ಲಿ ಒಂದು ಸಣ್ಣ ಎಡವಟ್ಟಾಯಿತು. ಸಿಗ್ನಲ್ಲಿನ ಬಲವನ್ನು ಯಂತ್ರಗಳು ಮೈನಸ್ ಲೆಕ್ಕದಲ್ಲಿ ಹೇಳುತ್ತವೆ. ಮೈನಸ್ ನಲವತ್ತು ಎಂದರೆ ಗಟ್ಟಿ, ಮೈನಸ್ ತೊಂಬತ್ತು ಎಂದರೆ ಊರ್ಧ್ವಶ್ವಾಸ. ಮೈನಸ್ ಚಿಹ್ನೆಯನ್ನು ನಾನು ಅಲಂಕಾರವೆಂದು ಬಗೆದು ಬಿಟ್ಟುಬಿಟ್ಟಿದ್ದೆ. ಮೇಷ್ಟರ ಬುದ್ಧಿ, ನಲವತ್ತಕ್ಕಿಂತ ತೊಂಬತ್ತು ಅಂಕವೇ ದೊಡ್ಡದು. ಡಬ್ಬಿ ಹಿಡಿದು ಮನೆಯೆಲ್ಲ ಸುತ್ತಿದರೆ, ವೈಫೈ ಪೆಟ್ಟಿಗೆಯ ಪಕ್ಕದಲ್ಲಿ ಒಂದೇ ದೀಪ, ಹಿತ್ತಲ ನೀರಿನ ತೊಟ್ಟಿಯ ಹತ್ತಿರ ಐದೂ ದೀಪ. ಜಾಗ ಸಿಕ್ಕಿತೆಂದು ಕುಣಿಯುತ್ತ ಬಂದು ಸುಮಂಗಲಾಳ ಕಸೂತಿ ಚೌಕಟ್ಟನ್ನು ತೊಟ್ಟಿಯ ಪಕ್ಕಕ್ಕೆ ಸಾಗಿಸಿದೆ. ಅವತ್ತು ಕ್ಲಾಸು ನಡೆಯುವುದಿರಲಿ, ಶುರುವೇ ಆಗಲಿಲ್ಲ. ಸಂಜೆ ನಾನು ಸ್ಕೂಲಿನಿಂದ ಬಂದಾಗ ಅವಳು ಏನೂ ಬೈಯಲಿಲ್ಲ, ಚೌಕಟ್ಟಿನ ಮೇಲೆ ಕಾಗೆ ಮಾಡಿಹೋದದ್ದನ್ನು ಒರೆಸಲು ಬಟ್ಟೆ ಕೊಟ್ಟಳು.

ಮೈನಸ್ಸಿಗೆ ಮರ್ಯಾದೆ ಕೊಟ್ಟು ಯಂತ್ರವನ್ನು ತಿದ್ದಿದೆ. ಆಮೇಲೆ ಅದು ಸತ್ಯವನ್ನೇ ನುಡಿಯತೊಡಗಿತು, ಆದರೆ ಆ ಸತ್ಯದಿಂದ ಉಪಯೋಗ ಆಗಲಿಲ್ಲ. ನಾನು ಮನೆಗೆ ಬರುವ ಹೊತ್ತಿಗೆ ಸಂಜೆ ಐದು. ಆಗ ಸುಮಂಗಲಾ ಪಾಠ ಮಾಡುವ ಹಿಂದಿನ ಕೋಣೆಯಲ್ಲಿ ಐದಕ್ಕೆ ಐದೂ ದೀಪ ಉರಿಯುತ್ತವೆ. ಮಧ್ಯಾಹ್ನ ಮಾತ್ರ ಒಂದೇ ಅಂತೆ. ಪುರಾವೆಯಿಲ್ಲದ ಕಡೆ ಇತಿಹಾಸದವರು ಊಹೆ ಕಟ್ಟುತ್ತೇವೆ, ನಾನೂ ಕಟ್ಟಿದೆ. ಮೂರಕ್ಕೆ ಶಿವಮೊಗ್ಗದ ಬಸ್ಸು ಹೋಗುತ್ತದೆ, ಅದರ ತಗಡು ಅಡ್ಡ ಬರುತ್ತಿರಬೇಕು. ಅಡಿಕೆ ಮಂಡಿಯ ಶೀಟು ಬಿಸಿಲಿಗೆ ಕಾದು ತರಂಗಗಳನ್ನು ಹೀರುತ್ತಿರಬೇಕು. ಸುಮಂಗಲಾ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ‘ಬಸ್ಸು ಎರಡು ನಿಮಿಷ ನಿಲ್ಲಲ್ಲ, ನನ್ನ ಕಡ್ಡಿ ಒಂದು ಗಂಟೆ ಬರಲ್ಲ’ ಎಂದು ನನ್ನ ಸಿದ್ಧಾಂತದ ಕಡ್ಡಿ ಮುರಿದಳು.

ಶನಿವಾರ ಬಂತು. ಶನಿವಾರ ಬೆಳಗಿನ ಸ್ಕೂಲು, ಹಾಗಾಗಿ ಮೂರು ಗಂಟೆಗೆ ನಾನು ಮೊದಲ ಬಾರಿ ಮನೆಯಲ್ಲಿದ್ದೆ. ಹಿಂದಿನ ಕೋಣೆಯ ಕಿಟಕಿಯ ಬೆಳಕಿನಲ್ಲಿ ಚೌಕಟ್ಟು ಸಿದ್ಧವಾಗಿತ್ತು, ಬಟ್ಟೆಯ ಮೇಲೆ ನವಿಲಿನ ಗೆರೆ ಮೂಡಿತ್ತು. ಕಡ್ಡಿಪೆಟ್ಟಿಗೆಯಲ್ಲಿ ಐದು ದೀಪ. ಫೋನಿನಲ್ಲಿ ಎಲ್ಲರೂ ಬಂದರು. ಕಡ್ಡಿಗಾಗಿ ಮಾಳಿಗೆ ಹತ್ತಿ, ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತ ರೇಣುಕಾಳೂ ಬಂದಳು. ‘ಶುರು ಮಾಡೋಣೇನ್ರಮ್ಮ?’ ಎಂದಳು ಸುಮಂಗಲಾ. ಅಷ್ಟರಲ್ಲಿ ನನ್ನ ಕಣ್ಣೆದುರೇ ಐದು ದೀಪ ನಾಲ್ಕಾಯಿತು, ಎರಡಾಯಿತು, ಕೊನೆಗೆ ಒಂದು ಉಳಿಯಿತು. ಸುಮಂಗಲಾ ನನ್ನ ಕಡೆ ತಿರುಗಿ ನೋಡಿದಳು. ಆ ಮುಖ ನೋಡಲಾರದೆ ನಾನು ಡಬ್ಬಿ ಎತ್ತಿಕೊಂಡು ಹಾಲಿಗೆ ಓಡಿದೆ.

ಹಾಲಿನ ಗೂಡಿನಲ್ಲಿ ವೈಫೈ ಪೆಟ್ಟಿಗೆಯಿರುತ್ತದೆ. ಅಲ್ಲಿ ಅದು ಇರಲಿಲ್ಲ. ಅದರ ಜಾಗದಲ್ಲಿ, ದಿನಾ ರೊಟ್ಟಿಹಿಟ್ಟು ನಾದುವ ನಮ್ಮ ದೊಡ್ಡ ಸ್ಟೀಲ್ ಬೋಗುಣಿ ಬೋರಲು ಬಿದ್ದಿತ್ತು, ಅಂಚಿನಡಿಯಿಂದ ಎರಡು ವೈರು ಹೊರಗೆ ಬಂದಿದ್ದವು. ಪಕ್ಕದಲ್ಲಿ ಅವ್ವ, ಈಗಷ್ಟೇ ಮುಚ್ಚಿದ ಬೋಗುಣಿಯ ಮೇಲೆ ಎರಡೂ ಕೈಯಿಟ್ಟುಕೊಂಡು, ಹಾಲು ಉಕ್ಕದ ಹಾಗೆ ಕಾಯುವವಳಂತೆ ನಿಂತಿದ್ದಳು. ‘ಏನವ್ವ ಇದು?’ ಎಂದೆ. ‘ಮೆಲ್ಲಗೆ ಮಾತಾಡು’ ಎಂದಳು. ‘ಅವಳು ಪಾಠ ಶುರು ಮಾಡ್ಯಾಳೆ.’

ಇಲ್ಲಿ ಹಲ್ಲಿಯ ವಿಷಯ ಸ್ವಲ್ಪ ಹೇಳದೆ ವಿಧಿಯಿಲ್ಲ. ಪಂಚಾಂಗದಲ್ಲಿ ಹಲ್ಲಿ ಮೈಮೇಲೆ ಬಿದ್ದರೆ ಯಾವ ಅಂಗಕ್ಕೆ ಏನು ಫಲ ಎಂದು ಹಾಕಿರುತ್ತಾರೆ, ಬಹಳ ಜನ ಮುಹೂರ್ತಕ್ಕಿಂತ ಮೊದಲು ಓದುವುದು ಅದನ್ನೇ. ಹಲ್ಲಿಯ ಮಾತಿಗೂ ಬೆಲೆಯಿದೆ. ಯಾರಾದರೂ ಒಂದು ಮಾತು ಹೇಳಿ ಮುಗಿಸಿದ ಕೂಡಲೇ ಅದು ಲೊಚಗುಟ್ಟಿದರೆ ಮಾತು ಸತ್ಯ. ನೆಲವನ್ನು ಬೆರಳಿನಿಂದ ತಟ್ಟಿ ದೇವರನ್ನು ನೆನೆಯಬೇಕು. ಕೆಲಸ ಶುರು ಮಾಡುವಾಗ ಲೊಚಗುಟ್ಟಿದರೆ ಮಾತ್ರ ವಿಘ್ನ. ಸಿಗ್ನಲ್ ಎಂಬ ಪದಕ್ಕೆ ಕನ್ನಡ ಹುಡುಕುತ್ತ ಹೋದರೆ ಶಕುನ ಎಂಬ ಮಾತೂ ಎದುರಾಗುತ್ತದೆ, ನಮ್ಮ ಮನೆಯಲ್ಲಿ ಅವೆರಡೂ ಒಂದೇ ಗೂಡಿನಲ್ಲಿ ಸಂಸಾರ ಹೂಡಿದ್ದವು. ವೈಫೈ ಪೆಟ್ಟಿಗೆ ಸದಾ ಬೆಚ್ಚಗಿರುತ್ತದಲ್ಲ, ಗೋಡೆಯ ಹಲ್ಲಿಯೊಂದು ಅದರ ಮೇಲೆ ಹೊಟ್ಟೆ ಕಾಸಿಕೊಳ್ಳುವುದನ್ನು ರೂಢಿ ಮಾಡಿಕೊಂಡಿತ್ತು.

‘ಮೊದಲ್ನೇ ದಿನ ಸುಮಾ ಶುರು ಮಾಡೋಣ ಅಂದ್ಲು, ಹಲ್ಲಿ ಇದರ ಮೇಲೆ ಕೂತು ಲೊಚ್ ಅಂತು’ ಎಂದಳು ಅವ್ವ. ‘ಕರೆಂಟ್ ಹೋಗಿ ಪಾಠ ಕೆಡಲಿಲ್ವಾ? ಅವತ್ತಿಂದ ಮೂರು ಗಂಟೆಗೆ ಅದು ಬಂದು ಕೂರದಂಗೆ ನಾನು ಮುಚ್ಚಿಬಿಡ್ತೀನಿ. ಪಾಠ ಮುಗಿದ ಕೂಡ್ಲೇ ತೆಗೀತೀನಿ, ಸಂಜೆ ರೊಟ್ಟಿಗೆ ಬೋಗುಣಿ ಬೇಕಲ್ಲ. ಅವಳ ಕೆಲಸಕ್ಕೆ ಅಡ್ಡಿ ಬರಬಾರದಪ್ಪ.’

ನನಗೆ ನಗು ಬಂತು. ಬೋಗುಣಿಯನ್ನು ಒಂದು ಗೇಣು ಎತ್ತಿದೆ, ಕಂಕುಳಲ್ಲಿದ್ದ ಡಬ್ಬಿಯ ಐದೂ ದೀಪ ಹತ್ತಿದವು. ಇಳಿಸಿದೆ, ಒಂದಾಯಿತು. ಮತ್ತೆ ಎತ್ತಿದೆ. ಅವ್ವ ದೀಪ ನೋಡಿದಳು, ಬೋಗುಣಿ ನೋಡಿದಳು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ‘ಹಂಗಾರೆ ಇಷ್ಟು ದಿನ ನಾನೇ ಕೆಡಿಸ್ದಂಗಾತಲ್ಲೋ’ ಎಂದು ಮಂಚದ ಮೇಲೆ ಕೂತುಬಿಟ್ಟಳು. ತಿರುಗಿ ನೋಡಿದರೆ ಬಾಗಿಲಲ್ಲಿ ಸುಮಂಗಲಾ, ಕೈಯಲ್ಲಿ ಕೊಕ್ಕೆಸೂಜಿ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸ್ಟೀಲು ತರಂಗವನ್ನು ಹೇಗೆ ತಡೆಯುತ್ತದೆ ಎಂಬ ಬಗ್ಗೆ ನಾನೊಂದು ಸಣ್ಣ ಉಪನ್ಯಾಸಕ್ಕೆ ಬಾಯಿ ತೆರೆದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ದೇವರ ಮನೆಯಿಂದ ಹೂವಿನ ಬಿದಿರು ಬುಟ್ಟಿ ತಂದು ಅವ್ವನ ಕೈಗೆ ಕೊಟ್ಟಳು. ‘ಅತ್ತೆ, ಬೋಗುಣಿ ಭಾರ ಆಗ್ತೈತೆ ನಿಮಗೆ. ಇನ್ನುಮೇಲೆ ಇದನ್ನ ಮುಚ್ಚಿರಿ. ನೀವು ಮುಚ್ಚಿದ ಮೇಲೇ ನಾನು ಶುರು ಮಾಡೋದು.’

ಅವ್ವ ಎದ್ದು ಬುಟ್ಟಿ ಮುಚ್ಚಿದಳು. ಬಿದಿರಿನ ಸಂದಿನಿಂದ ವೈಫೈಯ ಹಸಿರು ಬೆಳಕು ಮಿಣುಕಿತು. ನನ್ನ ಡಬ್ಬಿಯನ್ನು ಕಿತ್ತುಕೊಂಡು ತಾನೇ ನೋಡಿ, ‘ಐದೂ ಐದಾವೆ, ಹೋಗವ್ವ’ ಎಂದಳು. ಡಬ್ಬಿ ಕಟ್ಟಿದವನು ನಾನೆಂಬುದನ್ನು ಇಬ್ಬರೂ ಮರೆತಂತಿತ್ತು.

ನವಿಲಿನ ಕುತ್ತಿಗೆ ಒಂದೇ ಓಟಕ್ಕೆ ತಿರುಗಿತು. ಸುಮಂಗಲಾಳ ಕೈ ಎಲ್ಲೂ ನಿಲ್ಲಲಿಲ್ಲ, ಬಾಯಿ ಎಲ್ಲೂ ಅರ್ಧ ತೆರೆದು ಉಳಿಯಲಿಲ್ಲ. ಕೊನೆಗೆ ಬಿಳಿಚೋಡಿನ ಮಾಳಿಗೆಯಿಂದ ರೇಣುಕಾ ತನ್ನ ಚೌಕಟ್ಟನ್ನು ಕ್ಯಾಮೆರಾಕ್ಕೆ ಹಿಡಿದಳು. ಅವಳ ನವಿಲು ಸ್ವಲ್ಪ ಕೋಳಿಯ ಕಡೆ ವಾಲಿತ್ತು, ಆದರೆ ಕುತ್ತಿಗೆ ಮಾತ್ರ ನವಿಲಿನದೇ. ‘ಮೇಡಂ, ಇವತ್ತು ಸೂಜಿ ಹೊರಗೆ ಬಂದಿದ್ದು ಕಾಣ್ತು’ ಎಂದಳು. ಸುಮಂಗಲಾ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೇಳಿದಳು: ‘ಸೋಮವಾರ ಇದೇ ಹೊತ್ತಿಗೆ ರೆಕ್ಕೆ ಹೇಳಿಕೊಡ್ತೀನಿ. ಕ್ಲಾಸ್ ನಿಲ್ಲಲ್ಲ.’

ಲೊಚ್ ಎಂದಿತು ಹಲ್ಲಿ. ಬುಟ್ಟಿಯ ದೆಸೆಯಿಂದ ಜಾಗ ಕಳೆದುಕೊಂಡು, ಮನೆಯಲ್ಲಿ ಬೆಚ್ಚಗಿರುವ ಇನ್ನೊಂದು ವಸ್ತುವನ್ನು ಅದು ಹುಡುಕಿಕೊಂಡಿತ್ತು. ಕಿಟಕಿಯ ಹತ್ತಿರ ಇಟ್ಟಿದ್ದ ನನ್ನ ಕಡ್ಡಿಪೆಟ್ಟಿಗೆಯ ಮೇಲೆ, ಐದನೆಯ ದೀಪಕ್ಕೆ ಹೊಟ್ಟೆ ಒತ್ತಿಕೊಂಡು ಕೂತಿತ್ತು. ನಾನು ಓಡಿಸಲು ಕೈ ಎತ್ತಿದೆ. ಬಾಗಿಲಲ್ಲಿ ಕೂತಿದ್ದ ಅವ್ವ ಬೆರಳಿನಿಂದ ನೆಲ ತಟ್ಟಿ ‘ಶಿವ ಶಿವ’ ಎಂದಳು. ‘ಅದನ್ನ ಓಡಿಸಬ್ಯಾಡ ಕಣೋ. ನಿನ್ನ ಪೆಟ್ಟಿಗೆ ಈಗಿನದಷ್ಟೇ ಹೇಳ್ತೈತೆ, ಅದು ಸೋಮವಾರದ್ದು ಹೇಳ್ತು.’

ನಾನು ಕೈ ಇಳಿಸಿದೆ.