ಸಾಹೇಬರ ಜೊತೆ ಊರೂರು ತಿರುಗುವ ಕೊಡ

ಗೆಳೆಯರೇ, ಫಸ್ಟ್ ಇಯರಿನವನು ಹಾಸ್ಟೆಲ್ ಬೋರ್ಡಿಗೆ ಇದನ್ನು ಅಂಟಿಸಿದ್ದಕ್ಕೆ ಸಾರಿ.

ಲೇಬರ್ ಇನ್‌ಸ್ಪೆಕ್ಟರ್ ಆಗಿರುವ ನನ್ನ ಸೋದರಮಾವನ ಜೊತೆ ಇಂದು ಕಲಬುರ್ಗಿಯಿಂದ ಕಮಲಾಪುರದ ಹತ್ತಿ ಗಿರಣಿಗೆ ಹೋಗಿದ್ದೆ. ಕೂಲಿಕಾರರಿಗೆ ಕುಡಿಯುವ ನೀರಿರಬೇಕು ಎಂಬುದು ಕಾನೂನು. ಆದ್ದರಿಂದ ಮಾವ ಜೀಪಿನಲ್ಲಿ ತಾವೇ ನೀರು ತುಂಬಿದ ಒಂದು ತಾಮ್ರದ ಕೊಡ ಒಯ್ಯುತ್ತಾರೆ. ಅದನ್ನು ಗಿರಣಿಯಲ್ಲಿ ಇಳಿಸಿ, ಒಂದು ಲೋಟ ಕುಡಿದು, “ನೀರಿನ ವ್ಯವಸ್ಥೆ ಉತ್ತಮ” ಎಂದು ರಿಪೋರ್ಟ್ ಬರೆದು, ಕೊಡವನ್ನು ಮತ್ತೆ ಜೀಪಿಗೇರಿಸಿದರು.

ಗಿರಣಿಯ ಕೂಲಿ ಹೆಂಗಸು ಶಾಂತವ್ವ ಅಡ್ಡ ನಿಂತಳು.

“ಕೊಡ ಬಿಟ್ಟು ಹೋಗ್ರಿ ಸಾಹೇಬ್ರ, ಗಂಟಲಾಗ ಹತ್ತಿ ಕುಂತದ.”

“ಸರಕಾರಿ ಕೊಡ ಅದವ್ವಾ. ನಾಳಿ ತಾಜಸುಲ್ತಾನಪುರದಾಗ ಇನ್‌ಸ್ಪೆಕ್ಷನ್ ಅದ.”

“ಹಂಗಾರ ನೀವು ಬಂದಾಗಷ್ಟೇ ನಮಗ ನೀರಡಿಕಿ ಆಗ್ಬೇಕೇನ್ರಿ?”

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ಮೇಲೆ ಮಾವನ ತಲೆಯ ಮೇಲಿದ್ದ ನಿಜಾಮಿ ಅಧಿಕಾರಿಗಳ ರೂಮಿ ಟೋಪಿ ಹೋಗಿ ಗಾಂಧಿ ಟೋಪಿ ಬಂತು, ಹಿಂದೆಯೇ ಪ್ರಮೋಷನ್ನೂ ಬಂತು. ಕೊಡ ಮಾತ್ರ ನಿಜಾಮರ ಕಾಲದ್ದೇ.

ನಾಳೆಯ ಇನ್‌ಸ್ಪೆಕ್ಷನ್ನಿಗೆ ತೊಳೆದಿಡು ಎಂದು ಮಾವ ಅದನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಈಗ ನನ್ನ ಮಂಚದ ಕೆಳಗಿದೆ. ನನ್ನ ಹಾಸ್ಟೆಲ್ ಫೀಸು ಕಟ್ಟುವವರೂ ಮಾವನೇ. ಆದರೂ ಕೇಳುತ್ತೇನೆ: ನಾಳೆ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋಗುವವರು ಯಾರಾದರೂ ಇದನ್ನು ಶಾಂತವ್ವನಿಗೆ ಮುಟ್ಟಿಸುವಿರಾ? ಬೇಗ ತಿಳಿಸಿ.