ಬೂಬಮ್ಮನ ಹೆಗಲು

ನಿಜ ಹೇಳಲೇಬೇಕಾಗಿದ್ದ ಒಂದು ಸಂಜೆ ನಾನು ಬಾಯಿ ಬಿಡಲಿಲ್ಲ. ಉಳಿದಂತೆ ನನ್ನ ಬಾಯಿಗೆ ಬೀಗ ಹಾಕಿದವರನ್ನು ನಾನು ಕಾಣೆ; ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದ್ದಕ್ಕೆ ನನ್ನ ಹರಟೆಯೇ ಕಾರಣವೆಂದು ಅಪ್ಪ ಹೇಳುತ್ತಿದ್ದ.

ಮೊನ್ನೆ ಮೊಮ್ಮಗಳನ್ನು ಮಲಗಿಸುತ್ತಿದ್ದೆ. ಜಗಲಿಯಲ್ಲಿ ಒಣಗಲು ಹಾಕಿದ್ದ ಹೊಗೆಸೊಪ್ಪಿನ ಘಾಟು ಗಾಳಿಯೊಡನೆ ಒಳಬಂತು. ಮಗು ಸೀನಿತು, ಅಷ್ಟೆ. ತಟ್ಟುತ್ತಿದ್ದ ನನ್ನ ಕೈ ಮಾತ್ರ ನಿಂತುಹೋಯಿತು.

ಅದು ನಮ್ಮವ್ವನ ವಾಸನೆ. ಆಗ ಹುಣಸೂರಿನ ಕೊನೆಯ ಬೀದಿಯಲ್ಲಿ ನಮ್ಮ ಮನೆ. ಅವ್ವ ದಿನವಿಡೀ ಹೊಗೆಸೊಪ್ಪನ್ನು ದಾರಕ್ಕೆ ಪೋಣಿಸುತ್ತಿದ್ದಳು. ಎಷ್ಟು ತೊಳೆದರೂ ಅವಳ ಸೆರಗಿನ ಘಾಟು ಹೋಗುತ್ತಿರಲಿಲ್ಲ. ಎರಡು ವರ್ಷದ ನನ್ನ ತಮ್ಮ ಪುಟ್ಟನಿಗೆ ಆ ಸೆರಗು ಮೂಗಿಗೆ ತಾಗಿದರೇ ನಿದ್ದೆ. ಅಷ್ಟರಲ್ಲಿ ಅವ್ವನಿಗೆ ಇನ್ನೊಂದು ಮಗು ಹುಟ್ಟಿತು. ಪುರುಡು ಕಳೆಯುವ ತನಕ ಅಜ್ಜಿಯ ಹೊರತು ಯಾರೂ ಬಾಣಂತಿಯನ್ನು ಮುಟ್ಟುವಂತಿಲ್ಲ. ಪುಟ್ಟನನ್ನು ಮಲಗಿಸುವ ಕೆಲಸ ಆಗಷ್ಟೇ ಶಾಲೆ ಬಿಟ್ಟಿದ್ದ ನನಗೆ ಬಿತ್ತು. ಒಮ್ಮೆ ಕೋಣೆಯ ಹೊಸಿಲ ತನಕ ಎತ್ತಿಕೊಂಡು ಹೋದೆ. ಅರಿಸಿನ, ಸಾಂಬ್ರಾಣಿ ನಾರುವ ಅವ್ವನ ಗುರುತು ಹತ್ತದೆ ಅವನು ಮುಖ ತಿರುಗಿಸಿದ. ಅವ್ವ ಅತ್ತಳು.

ನಾನು ತಟ್ಟಿದೆ, ತೂಗಿದೆ, ಹಾಡಿದೆ. ಹಾಡಿದ್ದಕ್ಕೆ ಇನ್ನೂ ಜೋರಾಗಿ ಅತ್ತ. ನನ್ನ ಕಂಠ ಅಂಥದ್ದು. ಕೊನೆಗೆ ಪಕ್ಕದ ಮನೆಯ ಬೂಬಮ್ಮ ಬಂದರು. ಪಾತ್ರೆಗೆ ಕಲಾಯಿ ಹಾಕುವ ಸಾಬರ ಹೆಂಡತಿ.

"ಮಲಗಿಸ್ತಿದ್ದೀಯೋ, ಎದರಿಸ್ತಿದ್ದೀಯೋ? ಕೊಡು ಮಗಾ ಇಲ್ಲಿ."

ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡಿದರು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಒಂದು ಚೂರು ರೊಟ್ಟಿ, ನಾಲ್ಕು ಸುತ್ತು, ನಿದ್ದೆ. ಮೂರೇ ದಿನಕ್ಕೆ ಪುಟ್ಟ ನನ್ನನ್ನು ತಳ್ಳಿ 'ಬೂಬಿ, ಬೂಬಿ' ಎನ್ನತೊಡಗಿದ.

ನನಗೆ ಹೊಟ್ಟೆಯುರಿ. ಐದನೆಯ ಸಂಜೆ ಬೂಬಮ್ಮ ರೊಟ್ಟಿ ತಿನ್ನಿಸಿದ ಮೇಲೆ, "ಇವತ್ತು ನಾನೇ ಮಲಗಿಸ್ತೀನಿ" ಎಂದು ಅವನನ್ನು ಕಿತ್ತುಕೊಂಡೆ. ಅವರು ಮನೆಗೆ ಹೋದದ್ದೇ ಅವ್ವ ಪೋಣಿಸಿದ್ದ ಹೊಗೆಸೊಪ್ಪಿನ ಸರದಿಂದ ಒಂದು ಎಲೆ ಎಳೆದು, ಮಡಿಸಿ, ಅಳುತ್ತಿದ್ದ ಅವನ ಕೈಗಿಟ್ಟೆ. ಅವನು ಮೂಗಿಗೆ ಒತ್ತಿಕೊಂಡ. ಅಳು ನಿಂತಿತು. ನಾನು ಎಷ್ಟು ಬೀಗಿದೆ ಎನ್ನುತ್ತೀರಿ! ಅವನನ್ನು ಚಾಪೆಯ ಮೇಲೆ ಬಿಟ್ಟು, ಅಳು ನಿಲ್ಲಿಸಿದೆನೆಂದು ಅಜ್ಜಿಗೆ ಹೇಳಲು ಹಿತ್ತಿಲಿಗೆ ಓಡಿದೆ.

ನಾವು ಬರುವಷ್ಟರಲ್ಲಿ ಅವನು ವಾಂತಿ ಮಾಡಿಕೊಂಡು ಬಿದ್ದಿದ್ದ. ತುಟಿ ಬಿಳಿಚಿತ್ತು, ಮೈ ತಣ್ಣಗೆ ಬೆವರಿತ್ತು. ಕೈಯಲ್ಲಿ ಎಲೆ ಇರಲಿಲ್ಲ. ಅಜ್ಜಿಯ ಕೂಗಿಗೆ ಓಡಿಬಂದ ಬೂಬಮ್ಮ ಅವನನ್ನು ತೊಡೆಯ ಮೇಲೆ ಬೋರಲು ಹಾಕಿ ಬಾಯಿಗೆ ಬೆರಳಿಟ್ಟರು. ಮತ್ತೆ ವಾಂತಿಯಾಯಿತು. ಕಣ್ಣು ಬಿಟ್ಟ. ಅವರು ಸೆರಗಿನಿಂದ ಅವನ ಬಾಯಿ ಒರೆಸಿ, ಅದರ ತುದಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡರು.

"ಏನ್ ತಿನ್ಸ್ದೆ ನಮ್ ಮಗೀಗೆ? ನಿನ್ ರೊಟ್ಟಿಗೆ ಬೆಂಕಿ ಬೀಳ! ಇನ್ನೊಂದ್ ದಿನ ಈ ಒಸ್ಲು ತುಳಿದೀಯಾ, ಜೋಕೆ!" ಅಜ್ಜಿಯ ಗಂಟಲು ಇಡೀ ಬೀದಿಗೆ ಕೇಳಿತು.

ಬೂಬಮ್ಮ ನನ್ನತ್ತ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. ಅವರು ಹೋದರು.

ಪುಟ್ಟ ಉಳಿದ. ಆದರೆ ಎಷ್ಟೋ ಸಂಜೆ ಬಾಗಿಲಲ್ಲಿ ನಿಂತು 'ಬೂಬಿ' ಎಂದು ಕರೆದು, ಅತ್ತು ಸೋತು, ಅಲ್ಲೇ ನೆಲದ ಮೇಲೆ ಮಲಗುತ್ತಿದ್ದ. ಬೀದಿಯ ಮಕ್ಕಳು ಯಾರೂ ಮತ್ತೆ ಬೂಬಮ್ಮನ ರೊಟ್ಟಿ ಮುಟ್ಟಲಿಲ್ಲ.

ಮೊನ್ನೆ ಆ ಘಾಟು ಮೂಗಿಗೆ ಬಡಿದ ಮರುದಿನವೇ ನಾನೀಗಿರುವ ಪಿರಿಯಾಪಟ್ಟಣದಿಂದ ಹುಣಸೂರಿನ ಬಸ್ಸು ಹತ್ತಿದೆ. ಬೂಬಮ್ಮ ತಮ್ಮ ಅದೇ ಹಳೆಯ ಮನೆಯ ಜಗಲಿಯಲ್ಲಿ ಕೂತಿದ್ದರು. ಕಣ್ಣು ಮಂಜು, ಕಿವಿ ಮಂದ. ಹತ್ತಿರ ಕೂತು ಹೆಸರು ಹೇಳಿದೆ.

"ಅವತ್ತು ಪುಟ್ಟನ ಕೈಗೆ ಎಲೆ ಕೊಟ್ಟೋಳು..."

"ನೀನು," ಎಂದರು. "ಅವನ ಬಾಯಿಂದ ತೆಗ್ದೋಳು ನಾನಲ್ವಾ? ಸೆರಗ್ನಾಗೆ ಮುಚ್ಕೊಂಡೋಗಿ ಒಲೆಗಾಕ್ದೆ. ನಿಮ್ಮಜ್ಜಿ ಕಂಡಿದ್ರೆ ನಿನ್ ಚರ್ಮ ಸುಲೀತಿದ್ಲು."

ಇಷ್ಟು ವರ್ಷ ನಾನು ಬಚ್ಚಿಟ್ಟೆನೆಂದುಕೊಂಡಿದ್ದನ್ನು ಬಚ್ಚಿಟ್ಟವರು ಅವರು!

"ಆಮೇಲಾದ್ರೂ ಯಾಕ್ ಸುಮ್ನಿದ್ರಿ?"

"ನೀನೇ ಯೋಳ್ತೀಯಾ ಅಂತ ಕಾಯ್ತಿದ್ದೆ ಕಣವ್ವ. ನಾಳೆ ಯೋಳ್ತಾಳೆ, ನಾಡಿದ್ದು ಯೋಳ್ತಾಳೆ ಅಂತ."

ಗೊಣಗಿದರೆ ಅವರಿಗೆ ಕೇಳುವುದಿಲ್ಲ. ಎದ್ದು ನಿಂತೆ. ಅಜ್ಜಿಯ ಮಾತು ಎಲ್ಲಿಯ ತನಕ ಕೇಳಿತ್ತೋ ಅಲ್ಲಿಯ ತನಕ ಕೇಳುವಂತೆ ಕೂಗಿದೆ:

"ತಪ್ಪಾಯ್ತು ಬೂಬಮ್ಮ! ಮಗೀಗೆ ಆಗ್ಬಾರದ್ದು ಆಗಿದ್ದು ನಿಮ್ಮ ರೊಟ್ಟಿಯಿಂದಲ್ಲ. ನನ್ನಿಂದ!"