ಬರಿಯ ಅಂಚಿನ ಕೆತುಬಾ: ಶ್ರೀಮತಿ ತೂರಾನ್ ನೇಮಾನ್ ಅವರಿಗೆ

ಕೆತುಬಾ, ಅಂದರೆ ನಮ್ಮ ಯೆಹೂದಿ ವಿವಾಹದ ಕರಾರುಪತ್ರವನ್ನು, ಬರೆಯುವವರು ಜೆರುಸಲೇಮಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅದರ ಅಂಚಿನಲ್ಲಿ ಇಸ್ಫಹಾನಿನ ಸಿಂಹವನ್ನೂ ಅದರ ಬೆನ್ನ ಮೇಲೆ ಮೂಡುವ ಸೂರ್ಯನನ್ನೂ ಶ್ರೀಮತಿ ತೂರಾನ್ ನೇಮಾನ್ ಅವರಂತೆ ಚಿತ್ರಿಸಬಲ್ಲವರು ವಿರಳ. ಇಸ್ಫಹಾನಿನಿಂದ ಎಳೆಯ ವಧುವಾಗಿ ಬಂದು ನಮ್ಮ ಕಾರ್ಯಾಗಾರ ಸೇರಿದ ಅವರು, ತಾಯಿತಂದೆಯಿಲ್ಲದ ಹುಡುಗಿಯರ ಪತ್ರಗಳಿಗೆ ಸಂತಾನದ ಹಾರೈಕೆಯಾದ ದಾಳಿಂಬೆಗಳನ್ನು ಕೈ ಬಿಚ್ಚಿ ಬಿಡಿಸುತ್ತಿದ್ದರು. ಬಣ್ಣ ಒಣಗುವ ಮೊದಲು ಪತ್ರ ಕೊಡಿ ಎಂದವರಿಗೆ ಮಾತ್ರ ಮುಖಕ್ಕೆ ಹೊಡೆದಂತೆ ಉತ್ತರಿಸುತ್ತಿದ್ದರು.

ಆ ಹಟ ಮುರಿದದ್ದು ಪೆಸಾಖ್ ಹಬ್ಬದ ಹಿಂದಿನ ದಿನ. ಹಬ್ಬದ ನಿಯಮದಂತೆ ಹುಳಿ ರೊಟ್ಟಿಯ ಒಂದು ಚೂರೂ ಮನೆಯಲ್ಲಿ ಉಳಿಯಬಾರದೆಂದು ತೂರಾನ್ ಅವರ ನೆರೆಮನೆಯ ಹಬೀಬೆ ಗೋಡೆಯ ಕೆತುಬಾವನ್ನೂ ಚೌಕಟ್ಟಿನಿಂದ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು. ತೂರಾನ್ ಬಿಡಿಸಿದ್ದ ಸಿಂಹಗಳು ಅಲುಗಲಿಲ್ಲ. ಹೆಸರುಗಳೂ ಸಾಕ್ಷಿಗಳ ರುಜುಗಳೂ ತೊಳೆದುಹೋದವು. ನಮ್ಮ ಶಾಸ್ತ್ರದಂತೆ ಕೆತುಬಾ ಇಲ್ಲದ ಗಂಡಹೆಂಡತಿ ಒಂದೇ ಸೂರಿನಡಿ ಇರುವಂತಿಲ್ಲವೆಂದು ಹಬೀಬೆ ಹೊರಗೆ ಬಂದು ನಿಂತರು. ಒಳಗೆ ಗಂಡ ಯೆಹೆಜ್ಕೇಲ್ ಕೊನೆಯುಸಿರು ಎಳೆಯುತ್ತಿದ್ದರು. ಕಾಯಿಲೆಯವರಿಗೆ ವಿನಾಯಿತಿಯಿದೆ ಎಂದು ಧರ್ಮಗುರು ರಬ್ಬಿ ಹೇಳಿದರೂ ಹಬೀಬೆ ಹೊಸ್ತಿಲು ದಾಟಲಿಲ್ಲ.

"ತೂರಾನಕ್ಕಾ, ಅವ್ರು ನನ್ ಹೆಸ್ರು ಹಿಡಿದು ಕೂಗ್ತಿದಾರೆ. ನಾನು ಇಲ್ಲೇ ನಿಂತಿದೀನಲ್ಲಾ!"

ಅವರ ಬಾಗಿಲಿಗೆ ಬಂದಿದ್ದ ತೂರಾನ್ ಕಾರ್ಯಾಗಾರಕ್ಕೆ ಧಾವಿಸಿದರು. ಆ ಕೂಗು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದಿತ್ತು. ಅಭ್ಯಾಸಬಲದಿಂದ ಬಣ್ಣದ ಬಟ್ಟಲಿಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಲಿಪಿಕಾರ ಅವ್‌ಶಾಲೋಮರ ಮುಂದೆ ಖಾಲಿ ಹಾಳೆ ತಳ್ಳಿದರು.

"ಅಂಚು ಖಾಲಿ ಬಿಟ್ರೆ ಜನ ನಗಲ್ವಾ?" ಎಂದರು ಲಿಪಿಕಾರರು.

"ನಗ್ಲಿ ಬಿಡಪ್ಪಾ! ಹೆಸ್ರು ಬರಿ, ಬೇಗ!"

ಹಾಳೆ ಹಿಡಿದು ತೂರಾನ್ ಬೀದಿಯಲ್ಲಿ ಓಡಿದರು. ದಾರಿಯಲ್ಲೇ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡರು. ಹಾಸಿಗೆಯಲ್ಲೇ ಯೆಹೆಜ್ಕೇಲ್ ಪದ್ಧತಿಯಂತೆ ಸಾಕ್ಷಿಗಳ ಕರವಸ್ತ್ರ ಮುಟ್ಟಿ ಕರಾರಿಗೆ ಒಪ್ಪಿಕೊಂಡರು. ಸಾಕ್ಷಿಗಳಿಬ್ಬರೂ ರುಜು ಹಾಕಿದರು. ಹಬೀಬೆ ಒಳಗೆ ಬಂದರು.

"ಈಗ ಬಂದ್ಯಾ? ಮದುವೆ ದಿನಾನೂ ಹೀಗೇ ಕಾಯಿಸಿದ್ದೆ," ಎಂದರು ಯೆಹೆಜ್ಕೇಲ್. ಹೆಂಡತಿಯ ಕೈ ಹಿಡಿದುಕೊಂಡೇ, ಸಂಜೆ ಹಬ್ಬ ಶುರುವಾಗುವ ಮುನ್ನ ಕಣ್ಣು ಮುಚ್ಚಿದರು.

ಶೋಕದ ದಿನಗಳು ಕಳೆದ ಮೇಲೆ ತೂರಾನ್ ಖಾಲಿ ಅಂಚು ತುಂಬಲು ಕುಂಚ ಹಿಡಿದು ಆ ಮನೆಗೆ ಹೋದರು. ಹಬೀಬೆ ಹಾಳೆಯನ್ನು ಎದೆಗವಚಿಕೊಂಡರು. "ಮುಟ್ಬೇಡಿ ಅಕ್ಕಾ. ಬಣ್ಣ ಒಣಗ್ಲಿ ಅಂತ ನೀವು ಕಾದಿದ್ರೆ, ನಾನಿನ್ನೂ ಬಾಗಿಲಲ್ಲೇ ನಿಂತಿರ್ತಿದ್ದೆ."

ಇಂದು ನಿವೃತ್ತರಾಗುತ್ತಿರುವ ತೂರಾನ್ ಅವರು ನಮ್ಮವರು ಹಾರೈಸುವಂತೆ ನೂರಿಪ್ಪತ್ತು ವರ್ಷ ಬಾಳಲಿ, ಮನೆಯಲ್ಲಿ ಕುಳಿತೂ ಇನ್ನೂ ಅನೇಕ ವಧುಗಳ ಪತ್ರದ ಅಂಚುಗಳನ್ನು ತುಂಬಲಿ. ಅವರು ಖಾಲಿ ಬಿಟ್ಟ ಆ ಒಂದು ಅಂಚಿಗೆ ನಮ್ಮೆಲ್ಲರ ನಮಸ್ಕಾರ.